ಇಂಗ್ಲಿಷ್ ತರಗತಿಗೆ ಡಿಜಿಟಲ್ ಚಟುವಟಿಕೆ: ಮಕ್ಕಳು ತಾವಾಗಿಯೇ ಬಾಯಿಬಿಡುವಂತೆ ಮಾಡುವ ಬಗೆ

ತರಗತಿಗೆ ಪ್ರೊಜೆಕ್ಟರ್ ಬಂದ ಮೊದಲ ವಾರ ಮಕ್ಕಳಿಗೆ ಹಬ್ಬ. ತಿಂಗಳು ಕಳೆಯುವಷ್ಟರಲ್ಲಿ ಅದೇ ಕ್ವಿಜ್, ಅದೇ ಸಂಗೀತ, ಉತ್ತರ ಹೇಳುವವರೂ ಮುಂದಿನ ಬೆಂಚಿನ ಅದೇ ನಾಲ್ಕು ಮಂದಿ. ಹಿಂದೆ ಕೂತವರು ಬಣ್ಣ ನೋಡಿ ಬಟನ್ ಒತ್ತುತ್ತಾರೆ, ಪ್ರಶ್ನೆ ಓದುವುದಿಲ್ಲ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಇಂಗ್ಲಿಷ್ ಓದದೆಯೂ ಆಡಬಹುದಾದ ಆಟವನ್ನು ನಾವೇ ಕೊಟ್ಟಿರುತ್ತೇವೆ.

ಪರದೆಯ ಮೋಹ ಬೇಗ ಇಳಿಯುತ್ತದೆ. "ಈ ಬೀಗ ತೆಗೆಯಲೇಬೇಕು, ಅದಕ್ಕೆ ಬೇಕಾದ ಮಾಹಿತಿ ಆ ಗುಂಪಿನವರ ಹತ್ತಿರ ಇದೆ, ಅವರನ್ನು ಇಂಗ್ಲಿಷ್‌ನಲ್ಲೇ ಕೇಳಬೇಕು" ಎನ್ನುವ ಇಕ್ಕಟ್ಟು ಎದುರಾದರೆ ಮಾತ್ರ ಮಕ್ಕಳ ಹಟ ಉಳಿಯುತ್ತದೆ. ಬೀಗ ಎಂದರೆ ಇಲ್ಲಿ, ಸರಿ ಉತ್ತರ ಹಾಕಿದರೆ ಮಾತ್ರ ಮುಂದೆ ಬಿಡುವ ಪ್ರಶ್ನೆ. ಈ ಮಾರ್ಗದರ್ಶಿ ಅಂಥ ಇಕ್ಕಟ್ಟನ್ನು ಕಟ್ಟುವುದು ಹೇಗೆ ಎಂಬುದರ ಕುರಿತು. ಕನ್ನಡ ಮಾಧ್ಯಮದ 8 ಮತ್ತು 9ನೇ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಹಾಗಾಗಿ ಎಂಟಕ್ಕೆ ಬರುವ ಮಗುವಿಗೆ ಪದಗಳು ಗೊತ್ತಿರುತ್ತವೆ. ಅವುಗಳನ್ನು ಬಳಸಬೇಕಾದ ಸಂದರ್ಭ ಮಾತ್ರ ಇನ್ನೂ ಬಂದಿರುವುದಿಲ್ಲ.

ಹಂತ 1: ಇರುವುದನ್ನು ಲೆಕ್ಕ ಹಾಕಿ

ಆ್ಯಪ್ ಹುಡುಕುವುದಕ್ಕೆ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಲ್ಯಾಬಿನಲ್ಲಿ ನಿಜವಾಗಿ ಆನ್ ಆಗುವ ಕಂಪ್ಯೂಟರ್ ಎಷ್ಟು, ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ, ಇಂಟರ್ನೆಟ್ ಇದೆಯೇ ಅಥವಾ ನಿಮ್ಮ ಮೊಬೈಲಿನ ಹಾಟ್‌ಸ್ಪಾಟೇ ಗತಿಯೇ, ನಿಮ್ಮ ಪೀರಿಯಡ್ ಹೊತ್ತಿಗೆ ಕರೆಂಟ್ ಇರುತ್ತದೆಯೇ. ಮನೆಯಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಕೇಳಿ ತಿಳಿಯಿರಿ. ಬಹಳ ಮನೆಗಳಲ್ಲಿ ಅದು ಅಪ್ಪನ ಫೋನು, ಅವರು ಕೆಲಸದಿಂದ ಬಂದ ಮೇಲೆಯೇ ಸಿಗುವುದು. ಅಣ್ಣನಿಗೆ ಸಿಕ್ಕಷ್ಟು ಸುಲಭವಾಗಿ ತಂಗಿಗೆ ಸಿಗದ ಮನೆಗಳೂ ಇವೆ. ಆದ್ದರಿಂದ ಫೋನ್ ಇಲ್ಲದೆ ಮಾಡಲಾಗದ ಮನೆಗೆಲಸವನ್ನು ಕಡ್ಡಾಯ ಮಾಡಬೇಡಿ. ಹಾಗೆ ಮಾಡಿದರೆ ಯಾರಿಗೆ ಹುರುಪು ತುಂಬಬೇಕಿತ್ತೋ ಅದೇ ಮಗು ಹೊರಗುಳಿಯುತ್ತದೆ.

ಐದಾರು ಮಕ್ಕಳಿಗೆ ಒಂದು ಕಂಪ್ಯೂಟರ್ ಇದ್ದರೆ ಸಾಕು, ಕೆಳಗೆ ಹೇಳಿರುವುದೆಲ್ಲ ನಡೆಯುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದರೂ ಮುಕ್ಕಾಲು ಪಾಲು ನಡೆಯುತ್ತದೆ.

ಹಂತ 2: ಮೊದಲು ಟಾಸ್ಕ್, ಆಮೇಲೆ ಟೂಲ್

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು, ಏಕೆಂದರೆ ಅದು ನಮ್ಮ ಊರಿನದೇ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ಜಗತ್ತಿನಾದ್ಯಂತ ಭಾಷಾ ಬೋಧಕರು ಅದನ್ನು ಇವತ್ತಿಗೂ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತಾರೆ. ವ್ಯಾಕರಣದ ಪಟ್ಟಿ ಹಿಡಿದು ಪಾಠ ಮಾಡುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಕೊಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸುತ್ತಿದ್ದರು. ಮಗುವಿನ ಗಮನ ಅರ್ಥದ ಮೇಲಿದ್ದಾಗಲೇ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಆಗ ಇದ್ದದ್ದು ಬೋರ್ಡು, ಸೀಮೆಸುಣ್ಣ, ಕಾಗದ ಅಷ್ಟೇ.

ಪ್ರಭು ಟಾಸ್ಕ್‌ಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಲ್ಲಿ ಇರುವುದಿಲ್ಲ, ಕೇಳಿ ಪಡೆಯಬೇಕು: ಇದು ಮಾಹಿತಿಯ ಅಂತರ. ಇರುವ ಮಾಹಿತಿಯಿಂದ ಲೆಕ್ಕ ಹಾಕಿ, ತರ್ಕ ಮಾಡಿ ಹೊಸದೊಂದನ್ನು ಕಂಡುಹಿಡಿಯಬೇಕು: ಇದು ತರ್ಕದ ಅಂತರ. ತನಗೆ ಯಾವುದು ಇಷ್ಟ, ಏಕೆ ಎಂದು ಹೇಳಬೇಕು: ಇದು ಅಭಿಪ್ರಾಯದ ಅಂತರ. ನೀವು ಮಾಡುವ ಯಾವುದೇ ಡಿಜಿಟಲ್ ಚಟುವಟಿಕೆಯನ್ನು ಈ ಮೂರರ ಮುಂದೆ ಇಟ್ಟು ನೋಡಿ. ಯಾವ ಅಂತರವೂ ಇಲ್ಲದಿದ್ದರೆ ಅದು ಪರದೆಯ ಮೇಲಿನ ವರ್ಕ್‌ಶೀಟ್. ಅದು ಬೇಡವೆಂದಲ್ಲ, ಅಭ್ಯಾಸಕ್ಕೆ ಬೇಕು. ಆದರೆ ಅದರಿಂದ ಹುರುಪು ಹುಟ್ಟುತ್ತದೆಂದು ಕಾಯಬೇಡಿ.

ಕಷ್ಟ ಎಷ್ಟಿರಬೇಕು ಎಂಬುದಕ್ಕೂ ಪ್ರಭು ಬಳಸಿದ ಅಳತೆ ಇವತ್ತಿಗೂ ಸರಿಹೊಂದುತ್ತದೆ: ತರಗತಿಯ ಕನಿಷ್ಠ ಅರ್ಧದಷ್ಟು ಮಕ್ಕಳು ಟಾಸ್ಕ್‌ನ ಕನಿಷ್ಠ ಅರ್ಧ ಭಾಗವನ್ನು ಸರಿಯಾಗಿ ಮಾಡುವಂತಿರಬೇಕು. ಎಲ್ಲರೂ ಎಲ್ಲವನ್ನೂ ಸರಿ ಮಾಡಿದರೆ ತೀರಾ ಸುಲಭವಾಯಿತೆಂದು ತಿಳಿಯಿರಿ.

ಹಂತ 3: ಒಂದು ಟಾಸ್ಕ್ ಕಟ್ಟೋಣ

'ಅಜ್ಜಿಯ ಕಣ್ಣಿನ ಆಸ್ಪತ್ರೆ' ಎಂದು ಹೆಸರಿಡೋಣ. ಸಾಗರದ ಅಜ್ಜಿಯೊಬ್ಬರನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಜ್ಜಿಗೆ ಬೆಳಗ್ಗೆ ತೀರಾ ಬೇಗ ಹೊರಡಲು ಇಷ್ಟವಿಲ್ಲ, ಆದ್ದರಿಂದ ಸಮಯಕ್ಕೆ ತಲುಪಿಸುವ ಬಸ್ಸುಗಳಲ್ಲಿ ಕೊನೆಯದನ್ನು ಹುಡುಕಬೇಕು. ನಿಮ್ಮ ಊರು ಬೇರೆಯಾದರೆ ಹೆಸರು ಬದಲಿಸಿಕೊಳ್ಳಿ. ಕೆಳಗಿನ ಸಮಯಗಳು ಟಾಸ್ಕ್‌ಗಾಗಿ ಹಾಕಿಕೊಂಡವು.

ಮೊದಲ ಗುಂಪಿನ ಪುಟದಲ್ಲಿ ಇರುವುದು ಬಸ್ಸಿನ ವಿವರ: ಸಾಗರದಿಂದ 7:45, 8:30, 9:20, 10:00ಕ್ಕೆ ಬಸ್ಸು, ಪ್ರಯಾಣ 2 ಗಂಟೆ, 8:30ರ ಬಸ್ಸು ಮಂಗಳವಾರ ಇಲ್ಲ. ಎರಡನೇ ಗುಂಪಿನ ಪುಟದಲ್ಲಿ ಆಸ್ಪತ್ರೆಯ ವಿವರ: ಮಂಗಳವಾರ ಬರಬೇಕು, ಚೀಟಿ ಕೊಡುವ ಕೌಂಟರ್ 11:30ಕ್ಕೆ ಮುಚ್ಚುತ್ತದೆ, ಬಸ್‌ಸ್ಟ್ಯಾಂಡಿನಿಂದ ಆಟೊದಲ್ಲಿ 20 ನಿಮಿಷ. ಎರಡೂ ಪುಟಗಳು ಸರಳ ಇಂಗ್ಲಿಷ್‌ನಲ್ಲಿರಲಿ, ಎಂಟು ಹತ್ತು ಸಾಲು ಮೀರದಿರಲಿ.

ಈಗ ಲೆಕ್ಕ ನೋಡಿ. 11:30ಕ್ಕೆ ಕೌಂಟರ್ ಮುಚ್ಚುವುದಾದರೆ 11:10ರೊಳಗೆ ಬಸ್ಸು ಶಿವಮೊಗ್ಗ ಸೇರಬೇಕು. 9:20ರ ಬಸ್ಸು ತಲುಪುವುದು 11:20ಕ್ಕೆ, ಆಗುವುದಿಲ್ಲ. 8:30ರದು 10:30ಕ್ಕೆ ತಲುಪುತ್ತದೆ, ಸರಿ ಎನಿಸುತ್ತದೆ. ಆದರೆ ಅವತ್ತು ಮಂಗಳವಾರ, ಆ ಬಸ್ಸು ಇಲ್ಲ. ಉತ್ತರ 7:45. "ವಿಚ್ ಡೇ?" ಎಂದು ಯಾರೂ ಕೇಳದಿದ್ದರೆ ಗುಂಪು 8:30ಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಟಾಸ್ಕ್‌ನ ಜೀವ ಇರುವುದು ಈ ತಿರುವಿನಲ್ಲಿ. ಒಂದು ಪ್ರಶ್ನೆ ಕೇಳದೆ ಬಿಟ್ಟರೆ ಬೀಗ ತೆಗೆಯುವುದಿಲ್ಲ ಎಂಬುದು ಮಕ್ಕಳಿಗೆ ಅನುಭವಕ್ಕೇ ಬರುತ್ತದೆ.

ಹಂತ 4: ಬೀಗವನ್ನು ಗೂಗಲ್ ಫಾರ್ಮ್‌ನಲ್ಲಿ ಮಾಡುವುದು

ಹೊಸ ಫಾರ್ಮ್ ತೆರೆದು ಒಂದು ಪ್ರಶ್ನೆ ಹಾಕಿ, ಅದರ ಬಗೆಯನ್ನು 'ಶಾರ್ಟ್ ಆನ್ಸರ್' ಮಾಡಿ. ಪ್ರಶ್ನೆಯ ಕೆಳಗಿನ ಮೂರು ಚುಕ್ಕಿ ಒತ್ತಿದರೆ 'ರೆಸ್ಪಾನ್ಸ್ ವ್ಯಾಲಿಡೇಶನ್' ಸಿಗುತ್ತದೆ. ಅಲ್ಲಿ 'ನಂಬರ್', 'ಈಕ್ವಲ್ ಟು' ಆರಿಸಿ 745 ಎಂದು ಬರೆಯಿರಿ. ಪಕ್ಕದಲ್ಲೇ ತಪ್ಪು ಉತ್ತರಕ್ಕೆ ತೋರಿಸುವ ಸಂದೇಶ ಬರೆಯುವ ಜಾಗವಿದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ ಅಥವಾ 'ರಾಂಗ್ ಆನ್ಸರ್' ಎಂದು ಹಾಕುತ್ತಾರೆ. ಅಲ್ಲಿ ಒಂದು ಸುಳಿವು ಕೊಡಿ: "ಡಿಡ್ ಯು ಆಸ್ಕ್ ದೆಮ್ ವಿಚ್ ಡೇ?" ಮಗು ಈ ಸಾಲನ್ನು ಓದಿಯೇ ಓದುತ್ತದೆ, ಏಕೆಂದರೆ ಮುಂದೆ ಹೋಗಲು ಅದು ಬೇಕು. ಪಠ್ಯಪುಸ್ತಕದ ಒಂದು ಪ್ಯಾರಾವನ್ನು ಇಷ್ಟು ಗಮನವಿಟ್ಟು ಓದಿಸುವುದು ಎಷ್ಟು ಕಷ್ಟವೆಂದು ಇಂಗ್ಲಿಷ್ ಶಿಕ್ಷಕರಿಗೆ ಹೇಳಬೇಕಾಗಿಲ್ಲ.

ಪ್ರಶ್ನೆಯನ್ನು 'ರಿಕ್ವೈರ್ಡ್' ಮಾಡಿ, ಮುಂದೆ ಹೊಸ ಸೆಕ್ಷನ್ ಸೇರಿಸಿ. ಬೀಗ ತೆಗೆದವರಿಗೆ ಅಲ್ಲಿ ಮುಂದಿನ ಕೆಲಸ ಕಾಣುತ್ತದೆ. ಅದು ಅಭಿಪ್ರಾಯದ ಅಂತರವಾಗಿರಲಿ: ಅಜ್ಜಿಯ ಜೊತೆ ಯಾರು ಹೋಗಬೇಕು, ಶಾಲೆ ಬಿಟ್ಟು ಮೊಮ್ಮಗಳೇ, ಕೂಲಿ ಬಿಟ್ಟು ಮಗನೇ, ಪಕ್ಕದ ಮನೆಯವರೇ? ಇದಕ್ಕೆ ಸರಿ ಉತ್ತರ ಎಂಬುದಿಲ್ಲ. ಆಯ್ಕೆಯ ಪ್ರಶ್ನೆಗೆ ಮೂರು ಚುಕ್ಕಿ ಒತ್ತಿ 'ಗೋ ಟು ಸೆಕ್ಷನ್ ಬೇಸ್ಡ್ ಆನ್ ಆನ್ಸರ್' ಹಾಕಿದರೆ ಪ್ರತಿ ಆಯ್ಕೆಗೂ ಕಥೆ ಬೇರೆ ದಾರಿ ಹಿಡಿಯುತ್ತದೆ. ಇಲ್ಲೊಂದು ಎಚ್ಚರಿಕೆ: ಕಥೆ ಮುಗಿಯುವ ಪ್ರತಿ ಸೆಕ್ಷನ್‌ನ ಕೊನೆಯಲ್ಲಿ 'ಸಬ್ಮಿಟ್ ಫಾರ್ಮ್' ಎಂದು ನೀವೇ ಆರಿಸಬೇಕು. ಇಲ್ಲವಾದರೆ ಒಂದು ದಾರಿಯಲ್ಲಿ ಹೋದ ಮಗುವಿಗೆ ಇನ್ನೊಂದು ದಾರಿಯ ಪುಟ ತೆರೆದುಕೊಂಡು ಎಲ್ಲ ಕಲಸಿಹೋಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಸಂಗ್ರಹಿಸುವುದನ್ನು ಆಫ್ ಮಾಡಿ, 'ಒಬ್ಬರಿಗೆ ಒಂದೇ ಉತ್ತರ' ಎಂಬುದನ್ನೂ ಆಫ್ ಇಡಿ. ಆಗ ಮಕ್ಕಳಿಗೆ ಲಾಗಿನ್ ಬೇಕಾಗುವುದಿಲ್ಲ.

ಹಂತ 5: ನೆಟ್ ಇಲ್ಲದ ಲ್ಯಾಬಿಗೆ ಲುಮಿ

ಇಂಟರ್ನೆಟ್ ನಂಬುವಂತಿಲ್ಲದ ಶಾಲೆಗೆ ಎಚ್5ಪಿ ವರದಾನ. ಇದು ಪರದೆಯ ಮೇಲೆ ಮಾಡುವ ಚಟುವಟಿಕೆಗಳನ್ನು ತಯಾರಿಸುವ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಇದನ್ನು ಬಳಸಲು ಲುಮಿ ಎಂಬ ಡೆಸ್ಕ್‌ಟಾಪ್ ಪ್ರೋಗ್ರಾಮ್ ಇದೆ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಮನೆಯಲ್ಲಿ ನೆಟ್ ಇರುವಾಗ ಲುಮಿ ಹಾಕಿಕೊಂಡು ಬೇಕಾದ ಚಟುವಟಿಕೆಯ ಬಗೆಗಳನ್ನು ಒಮ್ಮೆ ಇಳಿಸಿಕೊಳ್ಳಿ. ಆಮೇಲೆ ನೆಟ್ ಇಲ್ಲದೆಯೂ ಚಟುವಟಿಕೆ ತಯಾರಿಸಬಹುದು.

'ಫಿಲ್ ಇನ್ ದ ಬ್ಲ್ಯಾಂಕ್ಸ್'ನಿಂದ ಆರಂಭಿಸಿ. ವಾಕ್ಯ ಟೈಪ್ ಮಾಡಿ, ಬಿಟ್ಟ ಜಾಗವಾಗಬೇಕಾದ ಪದದ ಎರಡೂ ಕಡೆ ನಕ್ಷತ್ರದ ಚಿಹ್ನೆ ಹಾಕಿದರೆ ಆಯಿತು. ಎರಡು ಉತ್ತರ ಸರಿಯಾಗುವ ಕಡೆ ನಡುವೆ ಓರೆಗೆರೆ ಹಾಕಿ. ಪದದ ನಂತರ ಕೋಲನ್ ಹಾಕಿ ಸುಳಿವು ಬರೆಯಬಹುದು. ಬಿಹೇವಿಯರಲ್ ಸೆಟ್ಟಿಂಗ್ಸ್‌ನಲ್ಲಿ ಎರಡನ್ನು ತಪ್ಪದೆ ಬದಲಿಸಿ: 'ಕೇಸ್ ಸೆನ್ಸಿಟಿವ್' ಎಂಬುದು ಮೊದಲೇ ಆನ್ ಇರುತ್ತದೆ, ತೆಗೆಯಿರಿ, ಸಣ್ಣ ಸ್ಪೆಲಿಂಗ್ ತಪ್ಪನ್ನು ಒಪ್ಪುವ ಆಯ್ಕೆಯನ್ನು ಆನ್ ಮಾಡಿ. ಇವೆರಡನ್ನು ಹಾಗೇ ಬಿಟ್ಟರೆ ಸರಿ ಉತ್ತರ ಗೊತ್ತಿದ್ದ ಮಗುವಿಗೂ ಕೆಂಪು ಬಣ್ಣ ಕಾಣುತ್ತದೆ. ಕ್ಯಾಪಿಟಲ್ ಅಕ್ಷರದ ಪಾಠ ಇನ್ನೊಂದು ದಿನ ಮಾಡಿದರಾಯಿತು. 'ರೀಟ್ರೈ' ಬಟನ್ ಆನ್ ಇರಲಿ. 'ಶೋ ಸಲ್ಯೂಶನ್' ಆಫ್ ಇರಲಿ, ಇಲ್ಲವಾದರೆ ಮಕ್ಕಳ ಕೈ ಮೊದಲು ಹೋಗುವುದು ಅಲ್ಲಿಗೇ.

ಮುಗಿದ ಮೇಲೆ ಎಕ್ಸ್‌ಪೋರ್ಟ್‌ಗೆ ಹೋಗಿ 'ಆಲ್ ಇನ್ ಒನ್ ಎಚ್‌ಟಿಎಂಎಲ್' ಆರಿಸಿ. ಇಡೀ ಚಟುವಟಿಕೆ ಒಂದೇ ಫೈಲ್ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ ಲ್ಯಾಬಿನ ಎಲ್ಲ ಕಂಪ್ಯೂಟರ್‌ಗೂ ಕಾಪಿ ಮಾಡಿ, ಬ್ರೌಸರ್‌ನಲ್ಲಿ ತೆರೆಯಿರಿ. 'ಅಜ್ಜಿಯ ಆಸ್ಪತ್ರೆ'ಯ ಎರಡು ಪುಟಗಳನ್ನೂ ಹೀಗೇ ಮಾಡಬಹುದು. ಬೀಗಕ್ಕೆ ಒಂದೇ ಒಂದು ಖಾಲಿ ಜಾಗವಿರುವ 'ಫಿಲ್ ಇನ್ ದ ಬ್ಲ್ಯಾಂಕ್ಸ್' ಸಾಕು. ಆದರೆ ಬೀಗದ ಫೈಲಿನಲ್ಲಿ ಸ್ಪೆಲಿಂಗ್ ರಿಯಾಯಿತಿ ಬೇಡ, ಅಂಕಿ ಅಂಕಿಯಾಗಿಯೇ ಇರಬೇಕು.

ಎಚ್5ಪಿಯಲ್ಲಿ 'ಬ್ರಾಂಚಿಂಗ್ ಸಿನಾರಿಯೊ', 'ಡಿಕ್ಟೇಶನ್', 'ಇಂಟರಾಕ್ಟಿವ್ ವಿಡಿಯೊ' ಮುಂತಾದವೂ ಇವೆ. ಒಂದೊಂದನ್ನೇ ಕಲಿಯಿರಿ. 'ಡಿಕ್ಟೇಶನ್'ಗೆ ನಿಮ್ಮದೇ ದನಿ ರೆಕಾರ್ಡ್ ಮಾಡಿ ಹಾಕಿ. ಮಕ್ಕಳಿಗೆ ತಮ್ಮ ಟೀಚರ್ ದನಿ ಹೆಡ್‌ಫೋನಿನಲ್ಲಿ ಕೇಳುವುದೆಂದರೆ ಬಹಳ ಖುಷಿ, ಎಷ್ಟು ಸಲ ಬೇಕಾದರೂ ಹಿಂದೆ ಹೋಗಿ ಕೇಳುತ್ತಾರೆ.

ಹಂತ 6: 45 ನಿಮಿಷದ ಪೀರಿಯಡ್ ನಡೆಸುವುದು

ಮೊದಲ ಎಂಟು ಹತ್ತು ನಿಮಿಷ ಕಂಪ್ಯೂಟರ್ ಮುಟ್ಟಿಸಬೇಡಿ. ಇದೇ ಮಾದರಿಯ ಚಿಕ್ಕದೊಂದು ಸಮಸ್ಯೆಯನ್ನು ಬೋರ್ಡಿನ ಮೇಲೆ ಇಡೀ ತರಗತಿಯ ಜೊತೆ ಬಿಡಿಸಿ. ಪ್ರಭು ಅವರ ತರಗತಿಗಳಲ್ಲೂ ಟಾಸ್ಕ್‌ಗೆ ಮೊದಲು ಹೀಗೊಂದು ಪ್ರಿ-ಟಾಸ್ಕ್ ಇರುತ್ತಿತ್ತು. ಬೇಕಾಗುವ ಪ್ರಶ್ನೆಗಳು ಆಗಲೇ ಬಾಯಿಗೆ ಬರಲಿ: "ವಾಟ್ ಟೈಮ್ ಡಸ್ ಇಟ್ ಲೀವ್?", "ಹೌ ಲಾಂಗ್ ಡಸ್ ಇಟ್ ಟೇಕ್?", "ವೆನ್ ಡಸ್ ಇಟ್ ಕ್ಲೋಸ್?" ಇವನ್ನು ಬೋರ್ಡಿನ ಬದಿಯಲ್ಲಿ ಬರೆದು ಬಿಡಿ, ಅಳಿಸಬೇಡಿ. "ವಿಚ್ ಡೇ" ಮಾತ್ರ ಬರೆಯಬೇಡಿ, ಅದನ್ನು ಮಕ್ಕಳೇ ಕಂಡುಕೊಳ್ಳಲಿ.

ಮುಂದಿನ ಇಪ್ಪತ್ತು ನಿಮಿಷ ಟಾಸ್ಕ್. ನಿಯಮ ಒಂದೇ: ಗುಂಪಿನೊಳಗೆ ಕನ್ನಡದಲ್ಲಿ ಮಾತಾಡಬಹುದು, ಇನ್ನೊಂದು ಗುಂಪಿನವರ ಹತ್ತಿರ ಹೋದಾಗ ಇಂಗ್ಲಿಷ್ ಮಾತ್ರ. ಪೂರ್ತಿ ಇಂಗ್ಲಿಷ್‌ನಲ್ಲೇ ಮಾತಾಡಿ ಎಂದರೆ ತರಗತಿ ಮೌನವಾಗುತ್ತದೆ, ಇದು ಬಹುತೇಕ ಎಲ್ಲ ಶಿಕ್ಷಕರೂ ಕಂಡದ್ದೇ. ಗುಂಪಿನೊಳಗೆ ಕನ್ನಡದಲ್ಲಿ ಯೋಚಿಸಲು ಬಿಟ್ಟರೆ, ಹೊರಗೆ ಹೋಗಿ ಕೇಳುವ ಆ ಒಂದು ಪ್ರಶ್ನೆಯನ್ನು ಮಕ್ಕಳು ನಾಲ್ಕು ಜನ ಸೇರಿ ತಿದ್ದುತ್ತಾರೆ. "ಏಯ್, ಡಸ್ ಅಂತ ಸೇರಿಸೋ" ಎಂದು ಒಬ್ಬಳು, "ಲೀವ್ಸ್ ಅಲ್ವೇನೇ?" ಎಂದು ಇನ್ನೊಬ್ಬ. ವ್ಯಾಕರಣದ ಚರ್ಚೆ ತಾನಾಗಿಯೇ ಹುಟ್ಟುವ ಜಾಗ ಇದು. ನೀವು ನಡುವೆ ಬಾಯಿ ಹಾಕದೆ ಕಿವಿ ಕೊಟ್ಟು ಓಡಾಡಿ, ಕೇಳಿದ ತಪ್ಪುಗಳನ್ನು ಗುರುತು ಹಾಕಿಕೊಳ್ಳಿ. ಕೇಳಲು ಹೋಗುವ ದೂತರು ಪ್ರತಿ ಸಲ ಬದಲಾಗಬೇಕು. ಇಲ್ಲದಿದ್ದರೆ ಇಲ್ಲೂ ಅದೇ ನಾಲ್ಕು ಮಂದಿಯೇ ಓಡಾಡುತ್ತಾರೆ.

ಪ್ರಭು ಅವರು ಗುಂಪು ಕೆಲಸಕ್ಕೆ ಒಲವು ತೋರಿದವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಒಬ್ಬರ ತಪ್ಪು ಇಂಗ್ಲಿಷ್ ಇನ್ನೊಬ್ಬರ ಕಿವಿಗೆ ಬಿದ್ದು ಗಟ್ಟಿಯಾಗಿಬಿಡುತ್ತದೆ ಎಂಬುದು ಅವರ ಆತಂಕ, ಅದರಲ್ಲಿ ಹುರುಳಿದೆ. ಆದರೂ ಐವತ್ತು ಮಕ್ಕಳ ಕೋಣೆಯಲ್ಲಿ ಪ್ರತಿ ಮಗುವೂ ಬಾಯಿಬಿಡುವ ಬೇರೆ ದಾರಿ ನನಗೆ ಕಾಣುವುದಿಲ್ಲ. ಪ್ರಶ್ನೆಯ ಚೌಕಟ್ಟುಗಳನ್ನು ಬೋರ್ಡಿನ ಮೇಲೆ ಉಳಿಸುವುದು, ನಿಮ್ಮ ದನಿಯ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಇಡುವುದು ಆ ಆತಂಕಕ್ಕೆ ಒಂದು ಮಟ್ಟಿನ ಪರಿಹಾರ.

ಉಳಿದ ಸಮಯ ಹೇಳುವುದಕ್ಕೆ. ಗುಂಪಿಗೊಬ್ಬರು ಎದ್ದು ನಿಂತು ಯಾವ ಬಸ್ಸು, ಏಕೆ ಎಂದು ಎರಡು ವಾಕ್ಯ ಹೇಳಲಿ. ಕೊನೆಗೆ ನೀವು ಗುರುತು ಹಾಕಿಕೊಂಡ ತಪ್ಪುಗಳಲ್ಲಿ ಎರಡನ್ನು ಮಾತ್ರ, ಯಾರದ್ದೆಂದು ಹೇಳದೆ, ಬೋರ್ಡಿನ ಮೇಲೆ ತಿದ್ದಿ.

ಹಂತ 7: ಅಂಕ, ಬಹುಮಾನ, ಲೀಡರ್‌ಬೋರ್ಡ್

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಮನೋವಿಜ್ಞಾನಿಗಳು ನರ್ಸರಿ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದದ್ದು. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ "ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮುಂಚೆಯೇ ಹೇಳಿದರು. ಕೆಲವು ದಿನಗಳ ನಂತರ ನೋಡಿದರೆ, ಪ್ರಶಸ್ತಿಯ ಆಸೆ ತೋರಿಸಿದ ಆ ಮಕ್ಕಳೇ ಬಿಡುವಿನ ವೇಳೆಯಲ್ಲಿ ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸುತ್ತಿದ್ದರು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಇಂಥ ಹಾನಿ ಆಗಿರಲಿಲ್ಲ. ಬ್ಯಾಡ್ಜ್, ನಾಣ್ಯ, ರ‍್ಯಾಂಕ್ ತುಂಬಿದ ಆ್ಯಪ್‌ಗಳನ್ನು ಆರಿಸುವಾಗ ಇದು ನೆನಪಿರಲಿ.

ಕಹೂಟ್, ಬೆಂಗಳೂರಿನಲ್ಲೇ 2015ರಲ್ಲಿ ಶುರುವಾಗಿ ಈಗ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿರುವ ಕ್ವಿಜಿಜ್, ಈ ಕ್ವಿಜ್ ಆ್ಯಪ್‌ಗಳನ್ನು ಬಳಸಬೇಡಿ ಎನ್ನುವುದಿಲ್ಲ. ವೇಗಕ್ಕೆ ಅಂಕ ಕೊಡುವ ಆಯ್ಕೆಯನ್ನು ತೆಗೆಯಿರಿ. ಕನ್ನಡ ಮಾಧ್ಯಮದ ಮಗು ಪ್ರಶ್ನೆ ಓದಿ ಮುಗಿಸುವುದರೊಳಗೆ ಗಡಿಯಾರ ಮುಗಿದುಹೋದರೆ ಅದು ಕಲಿಯುವುದು ಊಹೆಯನ್ನು ಮಾತ್ರ. ತಂಡವಾಗಿ ಆಡಿಸಿ. ಪಟ್ಟಿಯಲ್ಲಿ ಕೊನೆಯಲ್ಲಿರುವವರ ಹೆಸರು ಗೋಡೆಯ ಮೇಲೆ ಬರಬಾರದು.

ಮಕ್ಕಳ ಕೈಯಲ್ಲಿ ಫೋನ್, ಶಾಲೆಯಲ್ಲಿ ಲ್ಯಾಬ್ ಎರಡೂ ಇಲ್ಲದ ಕಡೆ ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಮಕ್ಕಳ ಕೈಗೆ ಮುದ್ರಿಸಿದ ಕಾಗದದ ಕಾರ್ಡು, ಅದನ್ನು ಹಿಡಿಯುವ ದಿಕ್ಕಿನ ಮೇಲೆ ಎ, ಬಿ, ಸಿ ಅಥವಾ ಡಿ ಉತ್ತರ. ಟೀಚರ್ ಫೋನಿನ ಕ್ಯಾಮರಾ ತರಗತಿಯ ಮೇಲೆ ಆಡಿಸಿದರೆ ಸಾಕು. ಯಾರ ಉತ್ತರ ಏನೆಂದು ಪಕ್ಕದವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಹಾಗಾಗಿ ನಾಚಿಕೆಯ ಮಕ್ಕಳೂ ತಮ್ಮ ಮನಸ್ಸಿನ ಉತ್ತರವನ್ನೇ ಹಿಡಿಯುತ್ತಾರೆ.

ಹಂತ 8: ಮಾತಿಗೆ ವಾಯ್ಸ್ ನೋಟ್

ಇಷ್ಟೂ ಉಪಾಯಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ವಾಯ್ಸ್ ನೋಟನ್ನು. ವಾರಕ್ಕೊಮ್ಮೆ ಅರ್ಧ ನಿಮಿಷದ ರೆಕಾರ್ಡಿಂಗ್. ವಿಷಯ ಮಗುವಿನದೇ: ನಮ್ಮ ಎಮ್ಮೆ, ಸಂತೆಯಲ್ಲಿ ಇವತ್ತಿನ ಟೊಮ್ಯಾಟೊ ರೇಟು, ಕಬಡ್ಡಿ ಪಂದ್ಯ. ತರಗತಿಯಲ್ಲಿ ಎದ್ದು ನಿಂತರೆ ಮಾತು ಹೊರಡದ ಹುಡುಗಿ ಹಿತ್ತಿಲಲ್ಲಿ ಫೋನ್ ಹಿಡಿದು ಐದು ಸಲ ಹೇಳಿ, ನಾಲ್ಕನ್ನು ಅಳಿಸಿ, ಐದನೆಯದನ್ನು ಕಳಿಸಬಹುದು. ಆ ಅಳಿಸಿದ ನಾಲ್ಕು ಸಲವೂ ಅವಳು ಇಂಗ್ಲಿಷ್ ಮಾತಾಡಿದ್ದಾಳೆ.

ರೆಕಾರ್ಡಿಂಗ್ ನಿಮಗೆ ಮಾತ್ರ ಬರಲಿ, ಗುಂಪಿಗೆ ಬೇಡ. ಇಷ್ಟಪಟ್ಟವರು ಮಾತ್ರ ತರಗತಿಯಲ್ಲಿ ಕೇಳಿಸಲಿ. ಮನೆಯಲ್ಲಿ ಫೋನ್ ಸಿಗದವರಿಗೆ ಊಟದ ಬಿಡುವಿನಲ್ಲಿ ಶಾಲೆಯ ಕಂಪ್ಯೂಟರ್ ಅಥವಾ ನಿಮ್ಮ ಫೋನ್ ಕೊಡಿ. ಉತ್ತರವನ್ನು ನೀವೂ ದನಿಯಲ್ಲೇ ಕಳಿಸಿ, ಮೊದಲು ಆ ಎಮ್ಮೆಯ ಬಗ್ಗೆ ಒಂದು ಪ್ರಶ್ನೆ ಕೇಳಿ. ತಪ್ಪನ್ನು "ಐ ಆ್ಯಮ್ ಹ್ಯಾವಿಂಗ್ ಟೂ ಬಫಲೋಸ್ ಎನ್ನಬಾರದು" ಎಂದು ಎತ್ತಿ ತೋರಿಸುವ ಬದಲು "ಓ, ಯು ಹ್ಯಾವ್ ಟೂ ಬಫಲೋಸ್! ವಿಚ್ ಒನ್ ಗಿವ್ಸ್ ಮೋರ್ ಮಿಲ್ಕ್?" ಎಂದರೆ ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಮಾತೂ ಮುಂದುವರಿಯುತ್ತದೆ. ಜೂನ್‌ನ ಮೊದಲ ರೆಕಾರ್ಡಿಂಗ್ ಜೋಪಾನವಾಗಿಡಿ. ಡಿಸೆಂಬರ್‌ನಲ್ಲಿ ಅದನ್ನೂ ಹೊಸದನ್ನೂ ಮಗುವಿಗೆ ಒಟ್ಟಿಗೆ ಕೇಳಿಸಿ. ತಾನು ಎಲ್ಲಿದ್ದೆ, ಎಲ್ಲಿಗೆ ಬಂದೆ ಎಂದು ಮಗು ತನ್ನ ಕಿವಿಯಾರೆ ಕೇಳುತ್ತದೆ. ಯಾವ ಬ್ಯಾಡ್ಜೂ ಇದನ್ನು ಕೊಡಲಾರದು.

ಹಂತ 9: ಮಕ್ಕಳ ಮಾಹಿತಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸುವುದಕ್ಕೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಪೂರ್ತಿ ಹೆಸರು, ಫೋಟೊ, ಫೋನ್ ನಂಬರ್ ಯಾವ ಆ್ಯಪ್‌ಗೂ ಹಾಕಬೇಡಿ. ರೋಲ್ ನಂಬರ್ ಅಥವಾ ಗುಂಪಿನ ಹೆಸರು ಸಾಕು. ವಾಯ್ಸ್ ನೋಟ್ ಶುರು ಮಾಡುವ ಮೊದಲು ಪೋಷಕರ ಸಭೆಯಲ್ಲಿ ಒಂದು ಮಾದರಿ ಕೇಳಿಸಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ. ಯಾವುದನ್ನೂ ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ.

ಹಂತ 10: ಮರುದಿನದ ಐದು ನಿಮಿಷ

ಫಾರ್ಮ್‌ನ ರೆಸ್ಪಾನ್ಸ್ ಪುಟ ತೆರೆದರೆ ಎಷ್ಟು ಗುಂಪುಗಳು ಬೀಗ ತೆಗೆದಿವೆ, ಅಜ್ಜಿಯ ಜೊತೆ ಯಾರು ಹೋಗಬೇಕೆಂದು ಎಷ್ಟು ಜನ ಏನು ಹೇಳಿದ್ದಾರೆ ಎಂಬುದು ಚಾರ್ಟಿನಲ್ಲೇ ಕಾಣುತ್ತದೆ. ಲುಮಿ ಫೈಲ್ ಬಳಸಿದರೆ ಉತ್ತರಗಳು ತಾವಾಗಿ ನಿಮ್ಮ ಕೈಗೆ ಬರುವುದಿಲ್ಲ, ಅದಕ್ಕಾಗಿ ಗುಂಪಿಗೊಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅರ್ಧಕ್ಕಿಂತ ಕಡಿಮೆ ಗುಂಪುಗಳು ಬೀಗ ತೆಗೆದಿದ್ದರೆ ಮುಂದಿನ ಟಾಸ್ಕ್‌ನಲ್ಲಿ ಒಂದು ಷರತ್ತು ಕಡಿಮೆ ಮಾಡಿ. ಎಲ್ಲರೂ ಹತ್ತು ನಿಮಿಷದಲ್ಲಿ ಮುಗಿಸಿದ್ದರೆ ಒಂದು ಷರತ್ತು ಸೇರಿಸಿ, ಅಜ್ಜಿ ಸಂಜೆ 6ರೊಳಗೆ ಮನೆ ಸೇರಬೇಕು ಎಂದು.

ಮೂರ್ನಾಲ್ಕು ಟಾಸ್ಕ್ ಆದ ಮೇಲೆ ಕಟ್ಟುವ ಕೆಲಸವನ್ನು ಮಕ್ಕಳಿಗೇ ವಹಿಸಿ. 9ನೇ ತರಗತಿಯವರು 8ನೇ ತರಗತಿಯವರಿಗಾಗಿ ಬೀಗ ತಯಾರಿಸಲಿ: ಎರಡು ಪುಟ, ಒಂದು ತಿರುವು, ಒಂದು ಸುಳಿವಿನ ವಾಕ್ಯ. ಆ ಸುಳಿವಿನ ವಾಕ್ಯ ಬರೆಯಲು ಅವರು ನಿಮ್ಮ ಮೇಜಿನ ಹತ್ತಿರ ಎಷ್ಟು ಸಲ ಬರುತ್ತಾರೆಂದು ನೋಡುತ್ತಿರಿ.